ಅಳತೆಯೊಂದೇ ಔಷಧವಲ್ಲ

ಭದ್ರಾವತಿಯ ನನ್ನ ಪರಿಚಿತರೊಬ್ಬರಿಗೆ ಹೃದಯ ವೈಫಲ್ಯ. ಕಾಲು ಊದಿ, ಉಸಿರು ಕಟ್ಟಿದಾಗಲೆಲ್ಲ ಶಿವಮೊಗ್ಗದ ಆಸ್ಪತ್ರೆಗೆ ಬಂದು ಸೇರುತ್ತಾರೆ. ‘ಒಳಗೇ ಒಂದು ಯಂತ್ರ ಇಟ್ಟರೆ ಮೊದಲೇ ಗೊತ್ತಾಗುತ್ತದಂತೆ, ಹೌದಾ ಸಾರ್?’ ಎಂದು ಈಚೆಗೆ ಕೇಳಿದರು. ಈ ಪ್ರಶ್ನೆಯನ್ನು ನಿಮ್ಮೊಡನೆ ಪರಿಶೀಲಿಸೋಣ.

ಯಂತ್ರದ ಹೆಸರು ಕಾರ್ಡಿಯೋಮೆಮ್ಸ್. ಶ್ವಾಸಕೋಶದ ಅಪಧಮನಿಯಲ್ಲಿ ನೆಲೆಗೊಳಿಸುವ ಈ ಪುಟ್ಟ ಸಂವೇದಕಕ್ಕೆ ಬ್ಯಾಟರಿ ಇಲ್ಲ. ಒಳಗಿರುವುದು ತಂತಿಸುರುಳಿ ಮತ್ತು ಧಾರಕ. ರಕ್ತದ ಒತ್ತಡ ಏರಿದರೆ ಧಾರಕದ ಫಲಕಗಳ ಅಂತರ ಕುಗ್ಗಿ ಧಾರಕತೆ ಹೆಚ್ಚುತ್ತದೆ. ಅನುರಣನ ಆವೃತ್ತಿ ಇಳಿಯುತ್ತದೆ. ರೋಗಿ ಮಲಗುವ ದಿಂಬಿನಲ್ಲಿರುವ ಆಂಟೆನಾ ರೇಡಿಯೋ ಅಲೆಗಳ ಮೂಲಕ ಅದನ್ನು ಓದುತ್ತದೆ. ಪಿಯುಸಿಯ ಪಾಠವೇ! ಕಾಲು ಊದುವ ಎಷ್ಟೋ ದಿನ ಮೊದಲೇ ಈ ಒತ್ತಡ ಏರತೊಡಗುವುದರಿಂದ ಅಳತೆಗೆ ಬೆಲೆಯಿದೆ.

ಭೌತವಿಜ್ಞಾನದಲ್ಲಿ ದೋಷವಿಲ್ಲ. ಪುರಾವೆಯನ್ನು ಮಾತ್ರ ಎಚ್ಚರದಿಂದ ಓದಬೇಕು. 2011ರಲ್ಲಿ ಪ್ರಕಟವಾದ ಚಾಂಪಿಯನ್ ಪ್ರಯೋಗದಲ್ಲಿ 550 ರೋಗಿಗಳಿಗೂ ಸಂವೇದಕವಿತ್ತು. ಒಂದು ಗುಂಪಿನ ಅಳತೆಗಳು ಮಾತ್ರ ವೈದ್ಯರಿಗೆ ಸಿಗುತ್ತಿದ್ದವು. ಆ ಗುಂಪಿನಲ್ಲಿ ಆರು ತಿಂಗಳಲ್ಲಿ ಹೃದಯ ವೈಫಲ್ಯದ ಆಸ್ಪತ್ರೆ ದಾಖಲಾತಿ ಶೇ. 28ರಷ್ಟು ಕಡಿಮೆಯಾಯಿತು. ಆದರೆ ಅದೇ ಗುಂಪಿನ ವೈದ್ಯರಿಗೆ ಕಂಪನಿಯ ದಾದಿಯರ ಸಲಹೆಯೂ ಹೋಗುತ್ತಿತ್ತು. ಒಂದೇ ಪ್ರಯೋಗದಲ್ಲಿ ಎರಡು ಚರಗಳನ್ನು ಬದಲಿಸಿದ ವಿದ್ಯಾರ್ಥಿಗೆ ನೀವು ಏನು ಹೇಳುತ್ತೀರಿ? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹೆಗಾರರೂ ಸಂದೇಹಪಟ್ಟರು. ಒಪ್ಪಿಗೆ ದೊರೆತದ್ದು 2014ರಲ್ಲಿ. 2021ರ ಗೈಡ್-ಎಚ್‌ಎಫ್ ಪ್ರಯೋಗದಲ್ಲಿ ಸಾವಿರ ರೋಗಿಗಳಿದ್ದರು. ಒಟ್ಟಾರೆ ವ್ಯತ್ಯಾಸ ಸಂಖ್ಯಾಶಾಸ್ತ್ರೀಯವಾಗಿ ದೃಢಪಡಲಿಲ್ಲ. 2023ರ ನೆದರ್‌ಲೆಂಡ್ಸ್ ಪ್ರಯೋಗ ಅನುಕೂಲಕರ ಫಲಿತಾಂಶ ನೀಡಿತು. ಅಲ್ಲಿ ಸಂವೇದಕ ಯಾರಲ್ಲಿದೆ ಎಂಬುದು ಎಲ್ಲರಿಗೂ ತಿಳಿದಿತ್ತು.

ಇನ್ನೊಂದು ಪ್ರಯೋಗ ಗಮನಿಸಿ. 2018ರಲ್ಲಿ ಜರ್ಮನಿಯವರು ಏನನ್ನೂ ದೇಹದೊಳಗೆ ಇಡದೆ ತೂಕ, ರಕ್ತದೊತ್ತಡ, ಇಸಿಜಿಗಳನ್ನು ಪ್ರತಿದಿನ ಮನೆಯಿಂದಲೇ ತರಿಸಿಕೊಂಡರು. ಹಗಲಿರುಳೂ ವೈದ್ಯರಿದ್ದ ಕೇಂದ್ರವೊಂದು ಅವನ್ನು ನೋಡಿ ಕೂಡಲೇ ಸ್ಪಂದಿಸುತ್ತಿತ್ತು. ರೋಗಿಗಳು ಆಸ್ಪತ್ರೆಯಲ್ಲಿ ಕಳೆಯುವ ದಿನಗಳೂ ಸಾವುಗಳೂ ಕಡಿಮೆಯಾದವು.

ಲಕ್ಕವಳ್ಳಿಯ ಭದ್ರಾ ಜಲಾಶಯದ ಮಟ್ಟ 186 ಅಡಿ ಮುಟ್ಟುತ್ತಿದೆ ಎಂದು ಮಾಪಕ ತೋರಿಸಬಲ್ಲದು. ಗೇಟು ಎತ್ತಲು ಮನುಷ್ಯರೇ ಬೇಕು. ಸಂವೇದಕವೂ ಅಷ್ಟೆ. ಪ್ರತಿದಿನದ ಅಂಕಿಯನ್ನು ಓದುವವರು ಯಾರು, ಮೂತ್ರವರ್ಧಕದ ಪ್ರಮಾಣ ಬದಲಿಸುವವರು ಯಾರು ಎಂಬುದು ಮೊದಲು ತೀರ್ಮಾನವಾಗಬೇಕು.

ಪರಿಚಿತರಿಗೆ ಇಷ್ಟೇ ಹೇಳಿದೆ: ‘ದಿನಾ ಬೆಳಗ್ಗೆ ತೂಕ ನೋಡಿ ಬರೆದಿಡಿ. ಎಷ್ಟು ಏರಿದರೆ ಫೋನ್ ಮಾಡಬೇಕು, ಯಾರಿಗೆ ಮಾಡಬೇಕು ಎಂದು ನಿಮ್ಮ ಡಾಕ್ಟರನ್ನೇ ಕೇಳಿಕೊಳ್ಳಿ.’ ಆ ಫೋನ್ ಎತ್ತಿಕೊಳ್ಳುವವರೊಬ್ಬರು ಇರಬೇಕು. ಯಂತ್ರದ ಮಾತು ಆಮೇಲೆ.