ಶಾಸನದ ಸೊನ್ನೆಯೋ, ಸ್ಕ್ಯಾನಿನ ಚುಕ್ಕಿಯೋ?

ಯಳಂದೂರಿನ ಶಾಸನಗಳು ಬಿ. ಎಲ್. ರೈಸ್ ಅವರ 1898ರ ‘ಎಪಿಗ್ರಾಫಿಯ ಕರ್ನಾಟಿಕ’ 4ನೇ ಸಂಪುಟದಲ್ಲೇ ಇವೆ. 1956ರ ತನಕ ಮದ್ರಾಸಿಗೆ ಸೇರಿದ್ದ ಕೊಳ್ಳೇಗಾಲ (ಇಂದಿನ ಹನೂರೂ ಅದರೊಳಗೇ) ಬಂದದ್ದು 1975ರ ಪರಿಷ್ಕೃತ ಸಂಪುಟದಲ್ಲಿ. ಈಗ ನಮ್ಮಲ್ಲಿ ಬಹಳ ಜನ ಇವನ್ನು ಓದೋದು ಸ್ಕ್ಯಾನ್ ಪ್ರತಿಗಳಲ್ಲೇ.

ನನಗೆ ಸಿಕ್ಕ ಒಂದು ಸ್ಕ್ಯಾನಿನಲ್ಲಿ ಪಡಿಯಚ್ಚಿನ ಚಿತ್ರದ ಮೇಲೆ ಬಲೆ ಹಾಸಿದಂತೆ ಗೆರೆಗಳು. ಅಚ್ಚಾದ ಚಿತ್ರವೇ ಸಣ್ಣ ಚುಕ್ಕಿಗಳ ಸಾಲು. ಸ್ಕ್ಯಾನರ್ ಓದುವುದೂ ಸಾಲುಸಾಲಾಗಿ. ಎರಡರ ಅಂತರ ಹೊಂದದಿದ್ದರೆ ಈ ‘ಮ್ವಾರೆ’ ಏಳುತ್ತೆ. ಇದಕ್ಕೆ ಮಾಡುವ ಮದ್ದು ಇನ್ನೂ ಅಪಾಯ. ಗೆರೆ ಹೋಗಲೆಂದು ಚಿತ್ರವನ್ನು ಜೋರಾಗಿ ಮಸುಕು ಮಾಡಿ ನೋಡಿದೆ: ಗೆರೆಯ ಜೊತೆ ಸೊನ್ನೆಯೂ ಹೋಯ್ತು. ‘ಗಂಗ’ ಹೋಗಿ ‘ಗಗ’ ಆದರೆ ರಾಜವಂಶವೇ ಮಾಯ! ಬರೀ ಕಪ್ಪು-ಬಿಳುಪಿಗೆ ಇಳಿಸಿದರೆ ಅದರ ತಿರುಗುಮುರುಗು: ಇಲ್ಲದ ಸೊನ್ನೆ ಹುಟ್ಟುತ್ತೆ.

ಸ್ಕ್ಯಾನ್ ಮಾಡುವವರಲ್ಲಿ ನನ್ನ ಕೋರಿಕೆ: 600 ಡಿಪಿಐ, ಗ್ರೇಸ್ಕೇಲ್. ಗೆರೆ ಕಂಡರೆ ಪುಟವನ್ನು ಸ್ವಲ್ಪ ಓರೆಯಾಗಿಟ್ಟು ಮತ್ತೆ ಸ್ಕ್ಯಾನ್ ಮಾಡಿ, ಆಮೇಲೆ ನೆಟ್ಟಗೆ ಮಾಡಿಕೊಳ್ಳಿ. ಡಿಸ್ಕ್ರೀನ್ ಬೇಕೇ ಬೇಕಿದ್ದರೆ ಹಗುರಾಗಿ ಮಾಡಿ, ಮೂಲ ಕಡತ ಉಳಿಸಿಕೊಳ್ಳಿ. ಓದುವವರಿಗೂ ಒಂದು ಮಾತು: ಒಂದೇ ಅಂತರದಲ್ಲಿ ಮರುಕಳಿಸುವ ಚುಕ್ಕಿ ಕಲ್ಲಿನದಲ್ಲ. ಅನುಮಾನ ಬಂದರೆ ಸಂಪುಟದ ಪಾಠ ನೋಡಿ. ಆಗಲೂ ತೀರದಿದ್ದರೆ ಕಲ್ಲಿನ ಹತ್ತಿರವೇ ಹೋಗಿ.