ಟ್ಯಾಂಕ್ ನುಗ್ಗಿತು, ಹಿಂದೆ ಯಾರಿದ್ದರು?

ಈ ವಾರ ‘ಪ್ಯಾಂಜರ್ ಲೀಡರ್’ ಎಂಬ ಹಲಗೆಯ ಯುದ್ಧದಾಟದ ಆಪರ್ಚುನಿಟಿ ಫೈರ್, ಅಂದರೆ ಎದುರಾಳಿಯ ಕಾಯಿ ಚಲಿಸುತ್ತಿರುವಾಗಲೇ ಗುಂಡು ಹಾರಿಸುವ ನಿಯಮದ ಬಗ್ಗೆ ಬರೆಯುವುದಾಗಿ ಹೇಳಿದ್ದೆ. ಅಷ್ಟರಲ್ಲಿ ಹಳೆಯ ಆಟಗಾರರೊಬ್ಬರ ಪತ್ರ ಬಂತು. ‘ಪ್ಯಾಂಜರ್‌ಬ್ಲಿಟ್ಜ್’ ಆಟದಲ್ಲಿ ಓವರ್‌ರನ್ ಮಾಡುವ, ಅಂದರೆ ಶತ್ರುವಿನ ಮೇಲೇ ಹಾಯ್ದು ಹೊಡೆಯುವ ಟ್ಯಾಂಕ್ ಶತ್ರುವಿದ್ದ ಹೆಕ್ಸ್ (ಹಲಗೆಯ ಆರು ಮೂಲೆಯ ಮನೆ) ಹೊಕ್ಕು, ನೇರ ಗೆರೆಯಲ್ಲಿ ಸಾಗಿ, ಎದುರು ಬದಿಯ ಹೆಕ್ಸ್‌ಗೇ ಹೊರಬೀಳಬೇಕಲ್ಲ, ಆ ನಿಯಮವನ್ನು ಕಿತ್ತುಹಾಕಿ ಆಡೋಣ ಎನ್ನುತ್ತಾರೆ ಅವರು. ಹೊಡೆತ ಬಿದ್ದ ಮೇಲೆ ಟ್ಯಾಂಕ್ ಎಲ್ಲಿ ನಿಂತರೇನು ಎಂಬುದು ಅವರ ವಾದ. ಇದಕ್ಕೆ ಉತ್ತರ ಕೊಡದೆ ಮುಂದಿನ ವಿಷಯಕ್ಕೆ ಹೋಗಲಾರೆ.

ಇದು ಅವರೊಬ್ಬರ ಮಾತಲ್ಲ. ನಮ್ಮಲ್ಲಿ ಒಂದು ಲೆಕ್ಕದ ಪಂಥವೇ ಇದೆ. ಕಾಯಿಗಳ ದಾಳಿ ಬಲ ಕೂಡಿಸು, ಎದುರಾಳಿಯ ರಕ್ಷಣಾ ಬಲದಿಂದ ಭಾಗಿಸು, ಓವರ್‌ರನ್ ಆದ್ದರಿಂದ ಕೋಷ್ಟಕದಲ್ಲಿ ಒಂದು ಕಾಲಂ ಮೇಲೇರು, ದಾಳದಲ್ಲಿ 2 ಕಳೆ. ಅವರ ಕಣ್ಣಿಗೆ ಓವರ್‌ರನ್ ಎಂದರೆ ಇಷ್ಟೇ, ಅಗ್ಗದಲ್ಲಿ ಸಿಕ್ಕ ಲಾಭ. ಈ ಪಂಥದವರ ಜೊತೆ ನನ್ನ ಜಗಳ ಹಳೆಯದು, ಇವತ್ತೂ ಬಿಡುವವನಲ್ಲ. 1970ರಲ್ಲಿ ಜಿಮ್ ಡನಿಗನ್ ‘ಪ್ಯಾಂಜರ್‌ಬ್ಲಿಟ್ಜ್’ ರೂಪಿಸಿದಾಗ ಆ ಕಾಲಂ, ಆ 2 ಅಂಕ ಎರಡನ್ನೂ ಪುಕ್ಕಟೆ ಕೊಡಲಿಲ್ಲ. ಅದರ ಬೆಲೆಯೇ ಹೊರಬೀಳುವ ಹೆಕ್ಸ್. ಬೆಲೆ ತೆರದೆ ಸರಕು ಒಯ್ಯುತ್ತೇನೆ ಎಂದರೆ ಹೇಗೆ?

ಒಂದು ಸನ್ನಿವೇಶ ನೋಡಿ. ಬಯಲಿನ ಹೆಕ್ಸ್‌ನಲ್ಲಿ ಒಂದು ರಷ್ಯನ್ ರೈಫಲ್ ಕಂಪನಿ ಕೂತಿದೆ. ಅದರ ಬೆನ್ನಿಗೆ ಒಂದು ಹೆಕ್ಸ್ ಬಯಲು. ಆ ಬಯಲಿಗೆ ತಾಗಿಕೊಂಡೇ ಕಾಡು. ಕಾಡಿನಲ್ಲಿ ಟ್ಯಾಂಕ್ ನಿರೋಧಕ ಫಿರಂಗಿ ಇದೆ, ಆದರೆ ಪಕ್ಕದ ಹೆಕ್ಸ್‌ಗೆ ನಿಮ್ಮ ಕಾಯಿಯೊಂದು ಹೋಗುವ ತನಕ ಅದರ ಮೇಲೆ ಗುಂಡು ಹಾರಿಸುವಂತಿಲ್ಲ. ನಿಮ್ಮ ಕೈಯಲ್ಲಿ ‘ಪ್ಯಾಂಜರ್ ನಾಲ್ಕು’ ಟ್ಯಾಂಕುಗಳ ಮೂರು ಪ್ಲಟೂನು, ಒಂದರ ಮೇಲೊಂದು ಪೇರಿಸಿಟ್ಟಿದ್ದೀರಿ. ಲೆಕ್ಕದ ಪಂಥದವರು ಕಣ್ಣು ಮುಚ್ಚಿಕೊಂಡು ನುಗ್ಗುತ್ತಾರೆ. ದಾಳ ಒಲಿಯುತ್ತದೆ, ರೈಫಲ್ ಕಂಪನಿ ಚದುರುತ್ತದೆ. ಮೂರೂ ಪ್ಲಟೂನು ಆಚೆ ಬದಿಯ ಬಯಲಿನಲ್ಲಿ ಒಂದೇ ಹೆಕ್ಸ್‌ನಲ್ಲಿ ಬಂದು ನಿಲ್ಲುತ್ತವೆ, ಕಾಡಿಗೆ ಮೈ ತಾಗಿಸಿಕೊಂಡು. ಈಗ ಫಿರಂಗಿ ನಿಮಗೆ ಕಾಣುತ್ತದೆ, ನಿಜ. ಆದರೆ ಸರದಿ ರಷ್ಯನ್ನರದು, ಮತ್ತು ಈ ಆಟದಲ್ಲಿ ಸರದಿಯ ಮೊದಲ ಕೆಲಸ ಗುಂಡು ಹಾರಿಸುವುದು, ಚಲನೆ ಆಮೇಲೆ. ಹೆಕ್ಸ್ ಒಂದಕ್ಕೆ 250 ಮೀಟರ್ ಎಂದು ನೆನಪಿಡಿ. ಅಷ್ಟು ಹತ್ತಿರದಿಂದ ಹೊಡೆಸಿಕೊಂಡ ಮೇಲೆ ಬಲಾಬಲದ ಲೆಕ್ಕ ಯಾರಿಗೆ ಬೇಕು?

ಇನ್ನೊಂದು ಪೆಟ್ಟು ತಡವಾಗಿ ಬೀಳುತ್ತದೆ. ಚದುರಿದ ರೈಫಲ್ ಕಂಪನಿ ಸತ್ತಿಲ್ಲ. ತನ್ನ ಸರದಿ ಮುಗಿಯುವ ಹೊತ್ತಿಗೆ ಅದು ಮತ್ತೆ ಮಗುಚಿಕೊಂಡು ನೆಟ್ಟಗಾಗುತ್ತದೆ. ನೀವು ಬಂದ ದಾರಿಯಲ್ಲೇ ಕೂತಿರುತ್ತದೆ. ನಿಮ್ಮ ಹಾಫ್‌ಟ್ರ್ಯಾಕ್‌ಗಳಲ್ಲಿ ಬರುತ್ತಿದ್ದ ಕಾಲಾಳುಗಳಿಗೆ ಈಗ ದಾರಿಯಿಲ್ಲ. ಆಚೆ ನಿಮ್ಮ ಟ್ಯಾಂಕ್, ಈಚೆ ನಿಮ್ಮ ಕಾಲಾಳು, ನಡುವೆ ಶತ್ರು. ಹೊರಬೀಳುವ ನಿಯಮ ಇರುವುದು ಈ ನೋಟವನ್ನು ಹಲಗೆಯ ಮೇಲೆ ತರುವುದಕ್ಕೇ. ಅದನ್ನು ತೆಗೆದರೆ ಓವರ್‌ರನ್ ಬರೀ ಹತ್ತಿರದ ಹೊಡೆತವಾಗಿ ಉಳಿಯುತ್ತದೆ.

1976ರ ‘ಪ್ಯಾಂಜರ್‌ಗ್ರುಪ್ಪ ಗುಡೇರಿಯನ್’ ಆಟದಲ್ಲಿ ಈ ನಿಯಮ ಇಲ್ಲವಲ್ಲ ಎಂದು ಕೇಳುವವರಿದ್ದಾರೆ. ಅದು ಸ್ಮೋಲೆನ್ಸ್ಕ್‌ನ ಕದನ, ಅಲ್ಲಿ ಕಾಯಿ ಎಂದರೆ ಡಿವಿಷನ್, ಇಲ್ಲವೇ ಡಿವಿಷನ್ನಿನ ರೆಜಿಮೆಂಟ್. ಅಷ್ಟು ದೊಡ್ಡ ಪಡೆ ಒಟ್ಟಿಗೆ ನುಗ್ಗಿದರೆ ಅದರ ಕಾಲಾಳುಗಳೂ ಜೊತೆಗೇ ಇರುತ್ತಾರೆ. ಪ್ಲಟೂನಿಗೆ ಆ ಭಾಗ್ಯವಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ನಿಜವಾದ ಯುದ್ಧದಲ್ಲಿ ಟ್ಯಾಂಕುಗಳು ಹೀಗೆ ಕಂದಕಗಳ ಮೇಲೆ ಹಾಯುವುದೇ ಇಲ್ಲ ಎನ್ನುವವರಿಗೆ ಅಸಲ್ ಉತ್ತರ್ ಕದನವನ್ನು ನೆನಪಿಸಬೇಕು. 1965ರ ಸೆಪ್ಟೆಂಬರ್, ಖೇಮ್‌ಕರಣ್ ವಲಯ. ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ನಮ್ಮ 4 ಗ್ರೆನೇಡಿಯರ್ಸ್ ಬೆಟಾಲಿಯನ್ನಿನ ಮುಂಚೂಣಿಯನ್ನು ತುಳಿದುಕೊಂಡೇ ಒಳಗೆ ಬಂದವು. ಕಂದಕದಲ್ಲಿದ್ದವರು ಎದ್ದು ಓಡಲಿಲ್ಲ, ತಲೆಯ ಮೇಲೆ ಉಕ್ಕು ಹಾಯುತ್ತಿದ್ದರೂ ಕೂತಲ್ಲೇ ಕೂತರು. ಟ್ಯಾಂಕುಗಳ ಹಿಂದೆ ಬಂದು ಆ ಕಂದಕಗಳನ್ನು ಬರಿದು ಮಾಡಬೇಕಿದ್ದ ಕಾಲಾಳುಗಳು ಬರಲಿಲ್ಲ. 10ನೇ ತಾರೀಕಿನ ಬೆಳಿಗ್ಗೆ 8 ಗಂಟೆಗೆ ಚೀಮಾ ಹಳ್ಳಿಯ ಮುಂದೆ ಮತ್ತೆ ದಾಳಿ ಆಯಿತು, 9ರ ಹೊತ್ತಿಗೆ ಟ್ಯಾಂಕುಗಳು ಮುಂಚೂಣಿ ಹೊಕ್ಕಿದ್ದವು. ಜೀಪಿಗೆ ಕಟ್ಟಿದ ರಿಕಾಯಿಲ್‌ಲೆಸ್ ಗನ್ ಹಿಡಿದು ಹವಾಲ್ದಾರ್ ಅಬ್ದುಲ್ ಹಮೀದ್ ಅವುಗಳನ್ನು ಹೊಡೆದು ಉರುಳಿಸಿದ್ದು ಆಗಲೇ. ಪರಮವೀರ ಚಕ್ರದ ಆ ಕಥೆ ಎಲ್ಲರಿಗೂ ಗೊತ್ತು. ಓವರ್‌ರನ್ ಆಡುವವರು ಗಮನಿಸಬೇಕಾದದ್ದು ಇನ್ನೊಂದಿದೆ. ನುಗ್ಗುವುದರಲ್ಲಿ ಆ ಟ್ಯಾಂಕುಗಳು ಸೋತಿರಲಿಲ್ಲ. ನುಗ್ಗಿದ ಮೇಲೆ ಅವು ಹೋದದ್ದು ನೀರು ಹಾಯಿಸಿ ಕೆಸರಾಗಿದ್ದ ಕಬ್ಬಿನ ಗದ್ದೆಗಳಿಗೆ, ಕಾದು ಕೂತಿದ್ದ ಗನ್ನುಗಳ ಬಾಯಿಗೆ. ಹೊರಬೀಳುವ ಹೆಕ್ಸ್ ಅವಕ್ಕೆ ಮುಳುವಾಯಿತು. ‘ಅಡ್ವಾನ್ಸ್‌ಡ್ ಸ್ಕ್ವಾಡ್ ಲೀಡರ್’ ಎಂಬ ಇನ್ನೊಂದು ಆಟ ಇಂಥ ಕಂದಕದ ಕಥೆಯನ್ನು ಕಾಲಾಳಿನ ಕಡೆಯಿಂದ ನೋಡುತ್ತದೆ. ಟ್ಯಾಂಕಿನ ಮೈಮೇಲೆ ಬೀಳುವ ಮೊದಲು ಕಾಲಾಳು ದಾಳ ಉರುಳಿಸಿ ತನ್ನ ಎದೆಗಾರಿಕೆಯ ಪರೀಕ್ಷೆ ಗೆಲ್ಲಬೇಕು. ಚೀಮಾದಲ್ಲಿದ್ದವರು ಆ ಪರೀಕ್ಷೆ ಗೆದ್ದವರು.

ಇಷ್ಟು ಬರೆಯುವ ಹೊತ್ತಿಗೆ ನನ್ನ ಮನಸ್ಸು ಆಪರ್ಚುನಿಟಿ ಫೈರ್‌ನಿಂದ ಪೂರ್ತಿ ದೂರ ಹೋಗಿ ಗದುಗಿನ ಭಾರತದ ದ್ರೋಣಪರ್ವದಲ್ಲಿ ನಿಂತಿದೆ. ಪದ್ಮವ್ಯೂಹವನ್ನು ನಾವು ಹೇಗೆ ಹೇಳಿಕೊಂಡು ಬಂದಿದ್ದೇವೆ? ಅಭಿಮನ್ಯುವಿಗೆ ಹೊಗುವುದು ಗೊತ್ತಿತ್ತು, ಹೊರಡುವುದು ಗೊತ್ತಿರಲಿಲ್ಲ, ಅದಕ್ಕೇ ಸತ್ತ. ಅರ್ಧ ಸತ್ಯ ಅದು. ಹುಡುಗ ತನಗೆ ಹೊರಡಲು ಬಾರದು ಎಂಬುದನ್ನು ಮುಚ್ಚಿಡಲೇ ಇಲ್ಲ. ನೀನು ಬಾಗಿಲು ಮುರಿ, ಬೆನ್ನಿಗೇ ನಾವು ಬರುತ್ತೇವೆ ಎಂಬ ಭರವಸೆಯ ಮೇಲೆ ಅವನನ್ನು ಕಳಿಸಿದ್ದು. ಯೋಜನೆ ತಪ್ಪಲ್ಲ. ಹೊಕ್ಕವನು ಬಿರುಕು ಬಿಡಿಸುತ್ತಾನೆ, ಹಿಂದಿನವರು ಆ ಬಿರುಕನ್ನು ಹೆದ್ದಾರಿ ಮಾಡುತ್ತಾರೆ. ಅಭಿಮನ್ಯು ತನ್ನ ಪಾಲಿನ ಕೆಲಸ ಮಾಡಿದ, ಒಳಗೆ ಕೌರವರ ರಥಿಕರನ್ನು ಚೆಲ್ಲಾಪಿಲ್ಲಿ ಮಾಡಿದ. ಕೆಟ್ಟದ್ದು ಬಾಗಿಲಲ್ಲಿ. ಶಿವನ ವರ ಪಡೆದಿದ್ದ ಸೈಂಧವ ಅಲ್ಲಿ ಅಡ್ಡ ನಿಂತು ಭೀಮನನ್ನೂ ಉಳಿದವರನ್ನೂ ತಡೆದ. ಮುರಿದ ಬಾಗಿಲು ಮತ್ತೆ ಮುಚ್ಚಿತು. ಆಮೇಲೆ ಒಳಗೆ ನಡೆದದ್ದು ಬೇಟೆ.

ಮಗ ಸತ್ತ ಸುದ್ದಿ ಕೇಳಿದ ಅರ್ಜುನ ಯಾರ ಮೇಲೆ ಶಪಥ ಮಾಡಿದ? ಬಾಣ ಬಿಟ್ಟ ಕರ್ಣನ ಮೇಲಲ್ಲ, ದ್ರೋಣನ ಮೇಲಲ್ಲ. ನಾಳೆ ಸೂರ್ಯ ಮುಳುಗುವುದರೊಳಗೆ ಸೈಂಧವನ ತಲೆ ತೆಗೆಯುತ್ತೇನೆ ಎಂದ. ಯುದ್ಧ ಬಲ್ಲವನ ತೀರ್ಪು ಅದು. ಕೊಂದವರಿಗಿಂತ ಬಾಗಿಲು ಮುಚ್ಚಿದವನು ದೊಡ್ಡ ಶತ್ರು ಎಂದು ಅವನಿಗೆ ಗೊತ್ತಿತ್ತು. ನಮ್ಮ ಹಲಗೆಯ ಮೇಲೆ ಚದುರಿ ಮತ್ತೆ ನೆಟ್ಟಗಾಗುವ ಆ ರೈಫಲ್ ಕಂಪನಿಯೇ ಸೈಂಧವ.

ಪತ್ರ ಬರೆದವರಿಗೆ ನನ್ನ ಕೋರಿಕೆ ಇಷ್ಟು. ನಿಯಮ ಕಿತ್ತುಹಾಕುವ ಮೊದಲು ಅದನ್ನು ಅನುಸರಿಸಿಯೇ ಒಂದೆರಡು ಆಟ ಆಡಿ. ಓವರ್‌ರನ್ ಘೋಷಿಸುವ ಮುಂಚೆ ಎದುರು ಬದಿಯ ಹೆಕ್ಸ್ ನೋಡಿ, ಅದಕ್ಕೆ ತಾಗಿದ ಕಾಡು, ಊರು ಯಾವುವೆಂದು ನೋಡಿ. ಮೂರು ಪ್ಲಟೂನನ್ನೂ ಒಂದೇ ಕಡೆ ಹೊರಬೀಳಿಸದೆ ಒಂದನ್ನು ಹಿಂದೆ ಉಳಿಸಿ. ಹಾಫ್‌ಟ್ರ್ಯಾಕ್‌ಗಳು ಶತ್ರುವಿನ ಪಕ್ಕಕ್ಕೆ ಮುಟ್ಟುವಂತಿದ್ದರೆ ಮಾತ್ರ ನುಗ್ಗಿ, ಇಲ್ಲದಿದ್ದರೆ ದೂರದಿಂದ ಗುಂಡು ಹಾರಿಸಿ ಆ ಸರದಿ ಕಳೆಯಿರಿ. ಬಲಾಬಲದ ಭಾಗಾಕಾರ ಕೊನೆಗೆ ಮಾಡಿದರೂ ಆದೀತು.

ಆಪರ್ಚುನಿಟಿ ಫೈರ್ ಮುಂದಿನ ವಾರಕ್ಕೆ.