ಹಾಡು, ಆಟ ಮತ್ತು ನಮ್ಮ ಅಭಿಮಾನ

ಕನ್ನಡದಲ್ಲಿ 'ಅಭಿಮಾನ' ಎಂಬ ಪದಕ್ಕೆ ಎರಡು ಅರ್ಥಗಳಿವೆ. ಒಂದು, ಪ್ರೀತಿ ಬೆರೆತ ಹೆಮ್ಮೆ. ಇನ್ನೊಂದು, ಬಿಟ್ಟುಕೊಡಲಾರದ ಆತ್ಮಗೌರವ. 'ಮಾನ ಅಭಿಮಾನ ಬಿಟ್ಟವನು' ಎಂದರೆ ನಮ್ಮ ಕಡೆ ಅದೊಂದು ಬೈಗುಳ. ಸಿನಿಮಾ ಬಂದ ಮೇಲೆ ಮೊದಲನೆಯ ಅರ್ಥ ಬೆಳೆಯಿತು, ಎರಡನೆಯದು ಹಿಂದೆ ಸರಿಯಿತು. ಡಾ. ರಾಜ್‌ಕುಮಾರ್ ತಮ್ಮ ಪ್ರೇಕ್ಷಕರನ್ನು 'ಅಭಿಮಾನಿ ದೇವರುಗಳು' ಎಂದು ಕರೆದರು. ಆ ಮಾತಿನ ಹಿಂದಿನ ವಿನಯ ದೊಡ್ಡದು. ಆದರೆ ಅದನ್ನು ಕೇಳಿಸಿಕೊಂಡ ನಾವು, ನಮ್ಮನ್ನು ಯಾರೂ ಪ್ರಶ್ನಿಸಬಾರದು ಎಂದುಕೊಂಡೆವು. ಹಾಡುವವರನ್ನು, ಆಡುವವರನ್ನು, ನಟಿಸುವವರನ್ನು ವಿಮರ್ಶಿಸುವ ಪುಟಗಳು ಬೇಕಾದಷ್ಟಿವೆ. ನೋಡುವವರನ್ನು ವಿಮರ್ಶಿಸುವುದು ಮಾತ್ರ ಅಪರೂಪ.

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳನ್ನು ಈ ವಿಮರ್ಶೆಗೆ ಆರಿಸಿಕೊಳ್ಳಲು ಕಾರಣವಿದೆ. ಇಲ್ಲಿಯ ಕಿವಿಗಳು ಒಂದೇ ಭಾಷೆಯ ಕಿವಿಗಳಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನೊಂದಿಗೆ ಸಿಂಧನೂರಿಗೆ ಭತ್ತ ಬಂತು, ಭತ್ತದೊಂದಿಗೆ ತೆಲುಗು ಮಾತನಾಡುವ ರೈತರ ಕ್ಯಾಂಪುಗಳು ಬಂದವು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಪುನರ್ವಸತಿ ಕ್ಯಾಂಪುಗಳೂ ಇಲ್ಲೇ ಇವೆ. ಕನ್ನಡ, ದಖನಿ ಉರ್ದು, ತೆಲುಗು, ಬಂಗಾಳಿ, ಲಂಬಾಣಿ ಎಲ್ಲವೂ ಒಂದೇ ಸಂತೆಯಲ್ಲಿ ಕೇಳಿಸುವ ಊರು ಇದು. ಲಿಂಗಸುಗೂರು ತಾಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿ ಇದೆ, ಮುದಗಲ್ಲಿನ ಕೋಟೆ ಇದೆ. ಹಿಂದೆ ಅದೇ ತಾಲೂಕಿನಲ್ಲಿದ್ದ ಮಸ್ಕಿ ಈಗ ತಾನೇ ಒಂದು ತಾಲೂಕು.

ಟೆಲಿವಿಷನ್ ಬರುವ ಮೊದಲು ಈ ಸೀಮೆಯ ಜನ ಹಾಡನ್ನು ಹೇಗೆ ಕೇಳುತ್ತಿದ್ದರು ಎಂಬುದಕ್ಕೆ ಮುದಗಲ್ಲಿನ ಮೊಹರಂ ಇಂದಿಗೂ ಸಾಕ್ಷಿ. ಹುಸೇನಿ ಆಲಂನ ಅಲಾಯಿ ಹಬ್ಬಕ್ಕೆ ಸುತ್ತಲ ಜಿಲ್ಲೆಗಳಿಂದ ಜನ ಸೇರುತ್ತಾರೆ. ಸೇರುವವರಲ್ಲಿ ಹಿಂದೂಗಳ ಸಂಖ್ಯೆ ಸಣ್ಣದಲ್ಲ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹೇಳುವ ಪದಗಳಿಗೆ ರಿವಾಯತ್ ಎನ್ನುತ್ತಾರೆ. ಉತ್ತರ ಕರ್ನಾಟಕದ ಹಳ್ಳಿ ಹಳ್ಳಿಗಳಲ್ಲಿ ಈ ಪದಗಳನ್ನು ಕಟ್ಟಿದವರಲ್ಲಿ, ಹಾಡಿದವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಪ್ರೊ. ರಹಮತ್ ತರೀಕೆರೆಯವರಂಥ ವಿದ್ವಾಂಸರು ಇದನ್ನು ಊರೂರು ತಿರುಗಿ ಅಧ್ಯಯನ ಮಾಡಿದ್ದಾರೆ. ಮೊಹರಂ ಆಚರಣೆಯ ಬಗ್ಗೆ ಮುಸ್ಲಿಮರೊಳಗೇ ಗಂಭೀರ ಭಿನ್ನಾಭಿಪ್ರಾಯವಿದೆ. ಅದರ ಧಾರ್ಮಿಕ ತೀರ್ಮಾನ ಈ ಲೇಖನದ ಕೆಲಸವಲ್ಲ. ಇಲ್ಲಿ ಗಮನಿಸಬೇಕಾದದ್ದು ಕೇಳುಗನ ಸ್ಥಾನವನ್ನು. ರಿವಾಯತ್‌ನ ಮೇಳದಲ್ಲಿ ಒಬ್ಬ ಮುಂದೆ ಹೇಳುತ್ತಾನೆ, ಉಳಿದವರು ಹಿಂದೆ ಎತ್ತಿಕೊಳ್ಳುತ್ತಾರೆ. ನಿಂತು ಕೇಳುವವನಿಗೂ ಪಲ್ಲವಿ ಬರುತ್ತದೆ. ಹೇಳುವವನು ಸಾಲು ತಪ್ಪಿದರೆ ಪಕ್ಕದವನು ಎತ್ತಿಕೊಡುತ್ತಾನೆ. ಅಲ್ಲಿ ಅಂಕವಿಲ್ಲ, ಸೋತವನನ್ನು ಮನೆಗೆ ಕಳಿಸುವ ಪದ್ಧತಿಯಿಲ್ಲ.

ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದ ಇಬ್ರಾಹಿಂ ಸುತಾರರು ನಡೆಸಿದ ಮೇಳಗಳ ಜೀವವೂ ಇದೇ ಆಗಿತ್ತು. ವಚನ, ತತ್ವಪದಗಳನ್ನು ಹಾಡಿ, ನಡುವೆ ಸಂಗಡಿಗರ ಪ್ರಶ್ನೆಗೆ ಉತ್ತರ ಹೇಳುತ್ತ ಅವರು ರಾತ್ರಿಗಳನ್ನು ಕಳೆದರು. ಕೇಳುಗನ ಮನಸ್ಸಿನ ಪ್ರಶ್ನೆಯನ್ನೇ ಸಂಗಡಿಗ ಕೇಳುತ್ತಿದ್ದ. ಹಾಗಾಗಿ ಕೇಳುಗನಿಗೆ ತಾನು ಹೊರಗಿನವನು ಎನ್ನಿಸುತ್ತಿರಲಿಲ್ಲ. 2018ರಲ್ಲಿ ಪದ್ಮಶ್ರೀ ಪಡೆದ ಅವರು 2022ರ ಫೆಬ್ರವರಿ 5ರಂದು ತೀರಿಕೊಂಡರು. ಕಾಲೇಜುಗಳಲ್ಲಿ ಸಮವಸ್ತ್ರದ ಹೆಸರಿನಲ್ಲಿ ಹಿಜಾಬ್ ವಿವಾದವನ್ನು ಗಟ್ಟಿಗೊಳಿಸಿದ ರಾಜ್ಯ ಸರ್ಕಾರದ ಆದೇಶಕ್ಕೂ ಅದೇ ದಿನಾಂಕವಿದೆ. ಇದು ಕೇವಲ ಕಾಕತಾಳೀಯ. ಆದರೂ ಆ ದಿನ ನಾವು ಕಳೆದುಕೊಂಡದ್ದು ಒಬ್ಬ ಹಾಡುಗಾರನನ್ನಷ್ಟೇ ಅಲ್ಲ ಎಂದು ಅನೇಕರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಈಗ ಟೆಲಿವಿಷನ್ನಿಗೆ ಬರೋಣ. ಅದನ್ನು ಸುಮ್ಮನೆ ಬೈಯುವುದು ಸುಲಭ, ಆದರೆ ನ್ಯಾಯವಲ್ಲ. 2000ದಲ್ಲಿ ಈಟಿವಿ ಕನ್ನಡ ಆರಂಭವಾಯಿತು. ಅದರ 'ಎದೆ ತುಂಬಿ ಹಾಡುವೆನು' ಕಾರ್ಯಕ್ರಮದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಕುಳಿತರು. ಹುಡುಗಿಯೊಬ್ಬಳು ಹಾಡಿ ಮುಗಿಸಿದ ಮೇಲೆ ಅವರು ಆ ಹಾಡಿನ ಕವಿಯನ್ನು, ಸಂಗೀತ ನಿರ್ದೇಶಕನನ್ನು ನೆನೆಯುತ್ತಿದ್ದರು. ಅಲ್ಪಪ್ರಾಣ ಮಹಾಪ್ರಾಣ ತಪ್ಪಿದ್ದರೆ ಹೇಳುತ್ತಿದ್ದರು. ಹೇಳುವ ರೀತಿಯಲ್ಲಿ ಕಠಿಣತೆ ಇರುತ್ತಿರಲಿಲ್ಲ, ರಿಯಾಯಿತಿಯೂ ಇರುತ್ತಿರಲಿಲ್ಲ. ಸಂಗೀತ ಶಾಲೆಯೇ ಇಲ್ಲದ ಊರುಗಳ ಮಕ್ಕಳಿಗೆ ಅದು ವಾರಕ್ಕೊಂದು ಪಾಠವಾಯಿತು. ಆ ಕಾರ್ಯಕ್ರಮದ ಅಭಿಮಾನಿಯಾಗುವುದೆಂದರೆ ಕೇಳುವುದನ್ನು ಕಲಿಯುವುದಾಗಿತ್ತು.

ಮುಂದೆ ಬಂದ ರಿಯಾಲಿಟಿ ಶೋಗಳು ಈ ಪಾಠವನ್ನು ಪಕ್ಕಕ್ಕಿಟ್ಟವು. ಈಗ ಹಾಡಿಗಿಂತ ಮೊದಲು ಹಾಡುವವರ ಕಥೆ ಬರುತ್ತದೆ. ಮನೆಯ ಬಡತನ, ತಾಯಿಯ ಕಣ್ಣೀರು, ಊರಿನ ಮಣ್ಣಿನ ದಾರಿ, ಹಿನ್ನೆಲೆಯಲ್ಲಿ ಪಿಟೀಲು. ಪ್ರೇಕ್ಷಕನ ಮನಸ್ಸು ಕರಗಿದ ಮೇಲೆ ಹಾಡು ಶುರುವಾಗುತ್ತದೆ. ಆಗ ಶ್ರುತಿ ತಪ್ಪಿದರೂ ಯಾರಿಗೂ ಕೇಳಿಸುವುದಿಲ್ಲ, ಶ್ರುತಿ ಸರಿಯಿದ್ದರೂ ಕೇಳಿಸುವುದಿಲ್ಲ. ಹಾವೇರಿ ಜಿಲ್ಲೆಯ ಹನುಮಂತ 2018-19ರ 'ಸರಿಗಮಪ' ಆವೃತ್ತಿಯಲ್ಲಿ ಎರಡನೆಯ ಸ್ಥಾನ ಪಡೆದರು. ಅವರ ದನಿಯಲ್ಲಿ ನಿಜವಾದ ಜಾನಪದದ ಕಸುವಿತ್ತು. ಆದರೆ ಕಾರ್ಯಕ್ರಮ ಅವರನ್ನು 'ಕುರಿ ಕಾಯುವ ಹುಡುಗ' ಎಂಬ ಚೌಕಟ್ಟಿನಲ್ಲೇ ತೋರಿಸಿತು. ಅವರ ಮುಗ್ಧತೆಗೆ, ಉತ್ತರ ಕರ್ನಾಟಕದ ಮಾತಿಗೆ ನಗುವುದಕ್ಕೆ ನಮಗೆ ತರಬೇತಿ ಕೊಟ್ಟಿತು. 2025ರ ಜನವರಿಯಲ್ಲಿ ಅದೇ ಹನುಮಂತ 'ಬಿಗ್ ಬಾಸ್' ಗೆದ್ದರು. ಗೆಲುವು ಅವರದು, ಅದಕ್ಕೆ ಸಂತೋಷಪಡೋಣ. ಆದರೆ ನಮ್ಮದೇ ಮಾತನ್ನು ಸ್ಟುಡಿಯೋದಲ್ಲಿ ಕೇಳಿ ನಗುವ ಸಿಂಧನೂರಿನ, ಮಸ್ಕಿಯ ಪ್ರೇಕ್ಷಕ ಯಾರ ಕಣ್ಣಿನಿಂದ ತನ್ನನ್ನು ನೋಡಿಕೊಳ್ಳುತ್ತಿದ್ದಾನೆ? ಅಭಿಮಾನದ ಎರಡನೆಯ ಅರ್ಥ ಇಲ್ಲಿ ನೆನಪಾಗಬೇಕು.

ಹಾಡುವವಳು ಮುಸ್ಲಿಂ ಹೆಣ್ಣುಮಗಳಾದರೆ ಏನಾಗುತ್ತದೆ ಎಂಬುದನ್ನು 2017ರ ಮಾರ್ಚ್ ತಿಂಗಳು ತೋರಿಸಿಕೊಟ್ಟಿತು. ಶಿವಮೊಗ್ಗ ಜಿಲ್ಲೆಯ ಸುಹಾನಾ ಸೈಯದ್ ಹಿಜಾಬ್ ತೊಟ್ಟು 'ಸರಿಗಮಪ' ವೇದಿಕೆಯಲ್ಲಿ ಕನ್ನಡ ಸಿನಿಮಾದ ಒಂದು ದೇವರ ಹಾಡನ್ನು ಹಾಡಿದರು. ಫೇಸ್‌ಬುಕ್ಕಿನ ಒಂದು ಪುಟ ಅವರ ಮೇಲೆ ಹರಿಹಾಯ್ದಿತು, ಅವರ ತಂದೆ ತಾಯಿಯನ್ನೂ ಬಿಡಲಿಲ್ಲ. ಸಮುದಾಯದ ಹೆಸರು ಹೇಳಿಕೊಂಡು ಮಾಡಿದ ಆ ನಿಂದನೆ ನಾಚಿಕೆಗೇಡಿನದು. ಸಂಗೀತ ಸರಿಯೇ ತಪ್ಪೇ ಎಂಬ ಚರ್ಚೆ ವಿದ್ವಾಂಸರ ನಡುವೆ ಶತಮಾನಗಳಿಂದ ನಡೆದಿದೆ. ಆದರೆ ಎಳೆಯ ವಯಸ್ಸಿನ ಹೆಣ್ಣುಮಗಳನ್ನು ಬೀದಿಯಲ್ಲಿ ನಿಲ್ಲಿಸಿ ಬೈಯುವುದು ಧರ್ಮನಿಷ್ಠೆ ಎಂದು ಯಾವ ವಿದ್ವಾಂಸನೂ ಹೇಳಲಾರ.

ಅಷ್ಟಕ್ಕೇ ಮಾತು ಮುಗಿಯುವುದಿಲ್ಲ. ಇನ್ನೊಂದು ಕಡೆಯವರು ಅವರನ್ನು ಸೌಹಾರ್ದದ ಸಂಕೇತವೆಂದು ಎತ್ತಿ ಮೆರೆಸಿದರು. ವೇದಿಕೆಯಲ್ಲಿ, ಸುದ್ದಿವಾಹಿನಿಗಳಲ್ಲಿ, ಪತ್ರಿಕೆಗಳಲ್ಲಿ ಏಕತೆಯ ಮಾತುಗಳು ಹರಿದವು. ಅವುಗಳ ಸದುದ್ದೇಶವನ್ನು ಅನುಮಾನಿಸಬೇಕಿಲ್ಲ. ಆದರೆ ಆ ಇಡೀ ಗದ್ದಲದಲ್ಲಿ ಅವರ ದನಿಯ ಬಗ್ಗೆ, ಸ್ವರದ ಬಗ್ಗೆ, ಯಾವ ಸಂಗತಿ ಚೆನ್ನಾಗಿ ಬಂತು, ಯಾವುದು ಇನ್ನೂ ಪಳಗಬೇಕು ಎಂಬುದರ ಬಗ್ಗೆ ಎಷ್ಟು ಮಾತು ಕೇಳಿಬಂತು? ಬೈದವರಿಗೂ ಹಾಡು ಬೇಕಿರಲಿಲ್ಲ, ಹೊಗಳಿದ ಬಹುಪಾಲು ಜನರಿಗೂ ಬೇಕಿರಲಿಲ್ಲ. ಎರಡೂ ಕಡೆಯವರಿಗೆ ಕಂಡದ್ದು ತಲೆಯ ಮೇಲಿನ ಬಟ್ಟೆ. ಹಾಡುಗಾರ್ತಿಯಾಗಬೇಕೆಂದು ಬಂದವಳನ್ನು ನಾವು ಒಂದು ವಾದದ ಸಾಕ್ಷಿಯಾಗಿ ಮಾಡಿದೆವು.

ಈ ಕಾರಣಕ್ಕಾಗಿಯೇ ಮಹಿಳೆಯರ ಬಾಸ್ಕೆಟ್‌ಬಾಲನ್ನು ಇಲ್ಲಿ ತರಬೇಕಾಗಿದೆ. ಸಂಗೀತದಲ್ಲಿ ತೀರ್ಪುಗಾರರಿದ್ದಾರೆ, ಮತಗಳಿವೆ, ಕಣ್ಣೀರಿದೆ. ಬಾಸ್ಕೆಟ್‌ಬಾಲಿನಲ್ಲಿ ಹತ್ತು ಅಡಿ ಎತ್ತರದ ಒಂದು ಬಳೆ ಇದೆ. ಚೆಂಡು ಅದರೊಳಗೆ ಬಿದ್ದರೆ ಅಂಕ, ಇಲ್ಲದಿದ್ದರೆ ಇಲ್ಲ. ಆಡುವವಳ ಅಪ್ಪ ಏನು ಮಾಡುತ್ತಾನೆ, ಅವಳ ಜಾತಿ ಯಾವುದು ಎಂದು ಬಳೆ ಕೇಳುವುದಿಲ್ಲ. ಆದರೆ ಆಟದ ಒಡೆಯರು ಕೇಳಿದರು. ತಲೆಗೆ ಬಟ್ಟೆ ಕಟ್ಟಿ ಆಡಬಾರದೆಂಬ ನಿಯಮ ಅಂತಾರಾಷ್ಟ್ರೀಯ ಸಂಸ್ಥೆಯಾದ ಫಿಬಾದಲ್ಲಿತ್ತು. 2014ರ ಸೆಪ್ಟೆಂಬರ್‌ನಲ್ಲಿ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಕತಾರ್ ಮಹಿಳಾ ತಂಡ ಮಂಗೋಲಿಯಾದ ವಿರುದ್ಧದ ಪಂದ್ಯವನ್ನು ಆಡದೆಯೇ ಬಿಟ್ಟುಕೊಡಬೇಕಾಯಿತು. ಅಮೆರಿಕದ ಬಿಲ್ಕಿಸ್ ಅಬ್ದುಲ್ ಖಾದಿರ್ ಶಾಲಾ ದಿನಗಳಲ್ಲಿ 3,070 ಅಂಕ ಗಳಿಸಿ, ಹುಡುಗ ಹುಡುಗಿಯರಿಬ್ಬರನ್ನೂ ಸೇರಿಸಿದರೆ ಮ್ಯಾಸಚೂಸೆಟ್ಸ್ ರಾಜ್ಯದ ದಾಖಲೆ ಬರೆದವರು. ಹಿಜಾಬ್ ತೊಟ್ಟೇ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದರು. ಆದರೆ ವೃತ್ತಿಪರ ಆಟದ ಬಾಗಿಲು ಈ ನಿಯಮದಿಂದ ಅವರಿಗೆ ಮುಚ್ಚಿತು. ಅವರೂ ಸೇರಿದಂತೆ ಅನೇಕರ ಹೋರಾಟದ ನಂತರ ಫಿಬಾ ನಿಯಮ ಬದಲಿಸಿತು. 2017ರ ಅಕ್ಟೋಬರ್ 1ರಿಂದ ತಲೆವಸ್ತ್ರಕ್ಕೆ ಅನುಮತಿ ಸಿಕ್ಕಿತು. ಒಂದು ಜಾಗತಿಕ ಸಂಸ್ಥೆ ಬಟ್ಟೆಯನ್ನು ಬಿಟ್ಟು ಆಟವನ್ನು ನೋಡಲು ಕಲಿತ ಐದು ವರ್ಷಗಳೊಳಗೆ ನಮ್ಮ ರಾಜ್ಯದ ಕಾಲೇಜು ಗೇಟುಗಳಲ್ಲಿ ಹುಡುಗಿಯರನ್ನು ತಡೆದು ನಿಲ್ಲಿಸಲಾಯಿತು. 2022ರ ಮಾರ್ಚ್ 15ರಂದು ಹೈಕೋರ್ಟ್ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು.

ಹೆಣ್ಣುಮಕ್ಕಳು ಗಂಡಸರ ಎದುರು ಆಡಬಾರದು ಎನ್ನುವವರು ನಮ್ಮಲ್ಲಿ ಇದ್ದಾರೆ. ಅವರಿಗೂ ಈ ಆಟದ ಚರಿತ್ರೆಯಲ್ಲಿ ಒಂದು ಉತ್ತರವಿದೆ. ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ 1893ರ ಮಾರ್ಚ್‌ನಲ್ಲಿ ಅಮೆರಿಕದ ಸ್ಮಿತ್ ಕಾಲೇಜಿನಲ್ಲಿ ಮಹಿಳೆಯರ ಮೊದಲ ಬಾಸ್ಕೆಟ್‌ಬಾಲ್ ಪಂದ್ಯ ಆಡಿಸಿದಾಗ ಗಂಡಸರಿಗೆ ಒಳಗೆ ಪ್ರವೇಶವಿರಲಿಲ್ಲ. ಹಾಗೆಂದು ಆಟ ನಿಲ್ಲಲಿಲ್ಲ, ನೋಡುವವರೂ ಇಲ್ಲದಾಗಲಿಲ್ಲ. ಸಹಪಾಠಿಗಳು ನೆರೆದು ಕೂಗಿ ಹುರಿದುಂಬಿಸಿದರು. ಮರ್ಯಾದೆಯ ಮಾತಾಡುವವರು ಅಂಥ ಒಂದು ಅಂಗಳವನ್ನಾದರೂ ಕಟ್ಟಿಕೊಡಬೇಕು. ಅಂಗಳವನ್ನೂ ಕೊಡದೆ, ಆಟವನ್ನೂ ಬಿಡದೆ ಇರುವ ಮರ್ಯಾದೆಯ ಖರ್ಚನ್ನು ಹುಡುಗಿಯರೇ ತೆರಬೇಕಾಗುತ್ತದೆ.

ಇನ್ನು ನಮ್ಮ ಅಭಿಮಾನದ ಲೆಕ್ಕ ನೋಡೋಣ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಫಿಬಾ ಏಷ್ಯಾ ಕಪ್‌ನ 'ಬಿ' ವಿಭಾಗದ ಫೈನಲ್‌ನಲ್ಲಿ ಕಜಕಿಸ್ತಾನವನ್ನು 75-73ರಿಂದ ಸೋಲಿಸಿದರು. ಎರಡೇ ಅಂಕಗಳ ಅಂತರ. ಕ್ರಿಕೆಟ್ಟಿನಲ್ಲಿ ಹೀಗಾಗಿದ್ದರೆ ಸಿಂಧನೂರಿನ ಗಾಂಧಿ ವೃತ್ತದಲ್ಲಿ ಪಟಾಕಿ ಹಾರುತ್ತಿತ್ತು. ಆ ಗೆಲುವಿನಿಂದ ಮೇಲಿನ ವಿಭಾಗಕ್ಕೇರಿದ ಭಾರತ 2019ರ ಸೆಪ್ಟೆಂಬರ್‌ನಲ್ಲಿ ಅದೇ ಊರಿನಲ್ಲಿ ಜಪಾನ್, ಚೀನಾಗಳಿದ್ದ ಪಂದ್ಯಾವಳಿಯಲ್ಲಿ ಆಡಿ, ಎಂಟು ತಂಡಗಳಲ್ಲಿ ಕೊನೆಯದಾಯಿತು. ಗೆದ್ದದ್ದೂ ನಮಗೆ ಗೊತ್ತಾಗಲಿಲ್ಲ, ಸೋತದ್ದೂ ಗೊತ್ತಾಗಲಿಲ್ಲ. ಹದಿನೆಂಟು ವರ್ಷ ದೇಶಕ್ಕಾಗಿ ಆಡಿ 2021ರಲ್ಲಿ ಪದ್ಮಶ್ರೀ ಪಡೆದ ತಮಿಳುನಾಡಿನ ಅನಿತಾ ಪೌಲ್‌ದುರೈ ಅವರ ಹೆಸರು ನಮ್ಮಲ್ಲಿ ಎಷ್ಟು ಮನೆಗಳಿಗೆ ಗೊತ್ತು?

'ಜನರಿಗೆ ಆಸಕ್ತಿ ಇಲ್ಲ, ಅದಕ್ಕೇ ತೋರಿಸುವುದಿಲ್ಲ' ಎಂದು ವಾಹಿನಿಗಳು ಹೇಳುತ್ತವೆ. ಈ ವಾದ ತಿರುಗುಮುರುಗಾಗಿದೆ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಕಾಲೇಜು ಮಹಿಳೆಯರ ಬಾಸ್ಕೆಟ್‌ಬಾಲ್ ಫೈನಲ್ಲನ್ನು ಅಲ್ಲಿ 1 ಕೋಟಿ 80 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಅದೇ ವರ್ಷದ ಪುರುಷರ ಫೈನಲ್ಲಿಗೆ ಸಿಕ್ಕಿದ್ದು ಸುಮಾರು 1 ಕೋಟಿ 48 ಲಕ್ಷ ಜನ. ಕೇಟ್ಲಿನ್ ಕ್ಲಾರ್ಕ್‌ರಂಥ ಆಟಗಾರ್ತಿಯ ಆಕರ್ಷಣೆ ಅದರಲ್ಲಿ ಇತ್ತು, ನಿಜ. ಆದರೆ ಅದಕ್ಕೂ ಮುಂಚೆ ಶಾಲೆ ಕಾಲೇಜುಗಳಲ್ಲಿ ದಶಕಗಳ ಕಾಲ ಹುಡುಗಿಯರಿಗೆ ಅಂಗಳ ಸಿಕ್ಕಿತ್ತು, ಊರಿನವರು ಬಂದು ಕೂತು ನೋಡಿದ್ದರು, ಕೊನೆಗೆ ದೊಡ್ಡ ವಾಹಿನಿಗಳು ಒಳ್ಳೆಯ ಸಮಯವನ್ನು ಕೊಟ್ಟವು. ಅಲ್ಲಿ ಅಭಿಮಾನಿಗಳು ಆಕಾಶದಿಂದ ಉದುರಲಿಲ್ಲ.

ನಮ್ಮ ಮೂರು ತಾಲೂಕುಗಳಲ್ಲಿ ಸಿಮೆಂಟಿನ ಬಾಸ್ಕೆಟ್‌ಬಾಲ್ ಅಂಕಣವೆಂದರೆ ಸುಲಭದ ಮಾತಲ್ಲ. 28 ಮೀಟರ್ ಉದ್ದ, 15 ಮೀಟರ್ ಅಗಲದ ಸಮತಟ್ಟಾದ ನೆಲ, ಎರಡು ಗಟ್ಟಿ ಕಂಬ ಬೇಕು. ಆದರೆ ಖೋಖೋ, ಕಬಡ್ಡಿ, ಥ್ರೋಬಾಲ್ ಆಡುವ ಹುಡುಗಿಯರು ಎಲ್ಲ ಕಡೆ ಇದ್ದಾರೆ. ತಾಲೂಕು ಮಟ್ಟದ ಕ್ರೀಡಾಕೂಟಗಳು ವರ್ಷ ವರ್ಷ ನಡೆಯುತ್ತವೆ. ಆ ಪಂದ್ಯಗಳನ್ನು ನೋಡಲು ದೈಹಿಕ ಶಿಕ್ಷಕರನ್ನು, ಎದುರು ಶಾಲೆಯ ಮಕ್ಕಳನ್ನು ಬಿಟ್ಟರೆ ಎಷ್ಟು ಜನ ಹೋಗುತ್ತಾರೆ? ಸಂಜೆ ಮೂರು ತಾಸು ಧಾರಾವಾಹಿಯ ಸೊಸೆಯ ಕಷ್ಟಕ್ಕೆ ಮರುಗುವ ಮನೆಗೆ, ಮಧ್ಯಾಹ್ನ ತನ್ನದೇ ಮಗಳು ಆಡಿದ ಆಟದ ಫಲಿತಾಂಶ ಗೊತ್ತಿರುವುದಿಲ್ಲ.

ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಬಂಡೆಶಾಸನ ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳಿದ್ದಕ್ಕಾಗಿ ಪ್ರಸಿದ್ಧ. ಪಠ್ಯಪುಸ್ತಕಗಳು ಹೇಳುವುದೂ ಅಷ್ಟೇ. ಆದರೆ ಆ ಶಾಸನದ ತಿರುಳು ಬೇರೆಯೇ ಇದೆ. ಉನ್ನತವಾದದ್ದನ್ನು ದೊಡ್ಡವರು ಮಾತ್ರ ಮುಟ್ಟಬಲ್ಲರೆಂದು ತಿಳಿಯಬಾರದು, ಶ್ರದ್ಧೆಯಿದ್ದರೆ ಸಣ್ಣವರಿಗೂ ಅದು ಸಾಧ್ಯ, ಇದನ್ನು ಇಬ್ಬರಿಗೂ ತಿಳಿಸಿರಿ ಎಂಬುದು ಅದರ ಅರ್ಥ. ಎರಡು ಸಾವಿರ ವರ್ಷಗಳಿಗೂ ಹಿಂದೆ ಚಕ್ರವರ್ತಿಯೊಬ್ಬನಿಗೆ ಹೊಳೆದದ್ದು ಇಂದಿನ ವಾಹಿನಿಗಳಿಗೆ ಹೊಳೆದಿಲ್ಲ, ಅಭಿಮಾನಿಗಳಾದ ನಮಗೂ ಹೊಳೆದಿಲ್ಲ.

ಟಿವಿ ಆರಿಸಿಬಿಡಿ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಹಾಡು ಬಂದಾಗ ಹಾಡನ್ನು ಕೇಳೋಣ, ಕಥೆಗೆ ಆಮೇಲೆ ಮರುಗೋಣ. ಹಾಡುವವಳ ಮೇಲೆ ಸಮುದಾಯದ ಭಾರವನ್ನು ಹೊರಿಸದಿರೋಣ, ಬೈಯುವುದಕ್ಕೂ ಬೇಡ, ಮೆರೆಸುವುದಕ್ಕೂ ಬೇಡ. ಮುಂದಿನ ತಾಲೂಕು ಕ್ರೀಡಾಕೂಟದ ದಿನಾಂಕವನ್ನು ಶಾಲೆಯಲ್ಲಿ ಕೇಳಿ ತಿಳಿದುಕೊಳ್ಳೋಣ. ತಾಯಂದಿರು ಹೋಗಲಿ, ಅಕ್ಕಂದಿರು ಹೋಗಲಿ, ತಂದೆಯರು ಅಂಗಡಿಯನ್ನು ಎರಡು ತಾಸು ಮುಚ್ಚಿ ಹೋಗಲಿ. ಯಾವ ಹುಡುಗಿ ಎಷ್ಟು ಅಂಕ ತಂದಳು ಎಂಬುದನ್ನು ನೋಡಿ ಬಂದು ಮನೆಯಲ್ಲಿ ಹೇಳಲಿ.